ವಾಲ್ಯೂಮ್ ಏರಿಸಿ, ತಂಬೂರಿ ಕೇಳಿಸುತ್ತದೆ

ಎಪ್ಪತ್ತು ನಿಮಿಷ, ಒಂದೇ ಹಾಡು! ಜಪಾನಿನ ಬೋರಿಸ್ ತಂಡ 2000ದಲ್ಲಿ ತಂದ ‘ಫ್ಲಡ್’ ಆಲ್ಬಂ ಅಂದರೆ ಅಷ್ಟೇ. ಗಿಟಾರಿನ ಒಂದು ಸಣ್ಣ ತುಣುಕು ಸುತ್ತಿ ಸುತ್ತಿ ಬರುತ್ತದೆ, ಬರುತ್ತಲೇ ಇರುತ್ತದೆ. ಇನ್ನೇನು ತೂಕಡಿಕೆ ಬಂತು ಅನ್ನುವ ಹೊತ್ತಿಗೆ ಎದೆಗೂಡು ನಡುಗುವ ಹಾಗೆ ಸದ್ದು ಮೈಮೇಲೆ ಬೀಳುತ್ತದೆ. ಗಿಟಾರ್ ವಾಟಾ ಎಂಬಾಕೆಯದು. ವೇದಿಕೆಯಲ್ಲಿ ಆಕೆಯ ಮುಖದ ಒಂದು ಗೆರೆಯೂ ಅಲುಗುವುದಿಲ್ಲ. ಬೆನ್ನ ಹಿಂದಿನ ಆಂಪ್ಲಿಫೈಯರ್‌ಗಳು ಮಾತ್ರ ಸೂರು ಹಾರಿಹೋಗುವಂತೆ ಗರ್ಜಿಸುತ್ತಿರುತ್ತವೆ.

ಇದೇ ಸೈಕೆಡೆಲಿಕ್ ನಾಯ್ಸ್ ರಾಕ್. ವಸಂತಪುರದ ನಮ್ಮ ಮನೆಯಲ್ಲಿ ಕಿಟಕಿ ತೆರೆದು ಹಾಕಿದರೆ ಎದುರುಮನೆ ಆಂಟಿ ‘ಏನಮ್ಮಾ, ಮಿಕ್ಸಿ ಕೆಟ್ಟಿದ್ಯಾ?’ ಅನ್ನುತ್ತಾರೆ. ಅವರ ಮನೆಯಲ್ಲಿ ಬೆಳಗಾದರೆ ಎಲೆಕ್ಟ್ರಾನಿಕ್ ತಂಬೂರಿ ಝುಂ ಎನ್ನುತ್ತಿರುತ್ತದೆ. 1970ರ ದಶಕದ ಕೊನೆಗೆ ನಮ್ಮ ಬೆಂಗಳೂರಿನವರೇ ಆದ ಜಿ. ರಾಜ್ ನಾರಾಯಣ್ ರೂಪಿಸಿದ ಪೆಟ್ಟಿಗೆ ಅದು. ಆ ಝೇಂಕಾರವೂ ಈ ಗರ್ಜನೆಯೂ ಒಂದೇ ವಂಶದವು ಎಂದರೆ ನಂಬುತ್ತೀರಾ?

ತಂಬೂರಿಯ ಕುದುರೆಯ ಮೇಲೆ, ತಂತಿಯ ಕೆಳಗೆ ಒಂದು ಎಳೆ ದಾರ ಸಿಕ್ಕಿಸುತ್ತಾರಲ್ಲ, ಅದನ್ನು ಕಿತ್ತು ನೋಡಿ. ನಾದ ಬೋಳಾಗುತ್ತದೆ. ದಾರ ಸರಿಯಾದ ಜಾಗಕ್ಕೆ ಬಂದ ಕೂಡಲೇ ತಂತಿ ಕುದುರೆಯನ್ನು ಸವರಿ ಸವರಿ ಗುಂಯ್‌ಗುಡುತ್ತದೆ, ಒಂದು ಸ್ವರದೊಳಗಿಂದ ಹತ್ತಾರು ಉಪಸ್ವರಗಳು ಮೇಲೇಳುತ್ತವೆ. ಗಿಟಾರಿಗರ ಫಝ್ ಪೆಡಲ್ ವಿದ್ಯುತ್ತಿನಲ್ಲಿ ಮಾಡುವುದೂ ಹೆಚ್ಚುಕಡಿಮೆ ಇದನ್ನೇ: ಅಲೆಯ ತಲೆ ಚಪ್ಪಟೆ ಮಾಡಿ ಉಪಸ್ವರಗಳನ್ನು ಎಬ್ಬಿಸುತ್ತದೆ. ಗದ್ದಲವನ್ನು ಬೇಕೆಂದೇ ಕರೆದು ಕೂರಿಸುವ ವಿದ್ಯೆ ನಮ್ಮ ದೇವರಮನೆಗಳಲ್ಲೇ ಇತ್ತು!

ಇನ್ನು ವಂಶದ ಮಾತು. 1950ರ ದಶಕದಲ್ಲಿ ಅಮೆರಿಕದ ಲಾ ಮಾಂಟೆ ಯಂಗ್ ಎಂಬ ಸಂಗೀತಗಾರ ಅಲಿ ಅಕ್ಬರ್ ಖಾನರ ರೆಕಾರ್ಡಿನಲ್ಲಿ ತಂಬೂರಿ ಕೇಳಿ ಮರುಳಾದ. ಮುಂದೆ ಪತ್ನಿ ಮರಿಯನ್ ಝಝೀಲಾ, ಜಾನ್ ಕೇಲ್ ಮೊದಲಾದವರೊಡನೆ ಗಂಟೆಗಟ್ಟಲೆ ಶ್ರುತಿ ಹಿಡಿದು ಕೂರುವ ತಂಡ ಕಟ್ಟಿದ. ಆ ಶ್ರುತಿಯನ್ನು ಕೇಲ್ ವಯೋಲಾದಲ್ಲಿ ಹೊತ್ತು ತಂದದ್ದು ವೆಲ್ವೆಟ್ ಅಂಡರ್‌ಗ್ರೌಂಡ್ ಎಂಬ ರಾಕ್ ತಂಡಕ್ಕೆ. 1967ರ ಅವರ ಮೊದಲ ಆಲ್ಬಂ ನಾಯ್ಸ್ ರಾಕಿನ ತಾಯಿಬೇರು. ಅಲ್ಲಿ ಡ್ರಮ್ ಬಾರಿಸಿದವರು ಮೋ ಟಕ್ಕರ್, ನಿಂತುಕೊಂಡು, ದೊಡ್ಡ ಡ್ರಮ್ಮನ್ನು ಅಡ್ಡ ಮಲಗಿಸಿ. ಡ್ರಮ್ ಕಳುವಾದಾಗ ಕಸದ ಡಬ್ಬಿ ಬಾರಿಸಿದ ಪುಣ್ಯಾತ್ಗಿತ್ತಿ!

1970ರಲ್ಲಿ ಯಂಗ್ ಮತ್ತು ಝಝೀಲಾ ಗುರುವೆಂದು ಕಾಲು ಹಿಡಿದದ್ದು ಪಂಡಿತ್ ಪ್ರಾಣನಾಥರನ್ನು. ಅವರು ಕಿರಾನಾ ಘರಾಣೆಯ ಅಬ್ದುಲ್ ವಹೀದ್ ಖಾನರ ಶಿಷ್ಯ. ವಹೀದ್ ಖಾನರ ಬಂಧು ಅಬ್ದುಲ್ ಕರೀಂ ಖಾನ್. ಅವರ ಶಿಷ್ಯ ಕುಂದಗೋಳದ ಸವಾಯಿ ಗಂಧರ್ವ. ಅವರ ಶಿಷ್ಯೆ... ನಮ್ಮ ಗಂಗೂಬಾಯಿ ಹಾನಗಲ್! ನ್ಯೂಯಾರ್ಕಿನ ಝಝೀಲಾ ಘರಾಣೆಯ ಲೆಕ್ಕದಲ್ಲಿ ಹುಬ್ಬಳ್ಳಿಗೆ ನೆಂಟಸ್ತಿಕೆ. ಗಂಟಲಿನ ಶಸ್ತ್ರಚಿಕಿತ್ಸೆಯ ಬಳಿಕ ಗಂಗೂಬಾಯಿಯವರ ದನಿ ಗಡಸಾಯಿತು. ಹೆಣ್ಣಿನ ದನಿ ಹೀಗಿರಬೇಕೆಂಬ ಕಟ್ಟಳೆಗೆ ಅದು ಒಗ್ಗಲಿಲ್ಲ. ಅವರು ಅದನ್ನು ಮರೆಮಾಚಲೂ ಇಲ್ಲ, ಆ ಗಡಸಿನಲ್ಲೇ ಷಡ್ಜ ಹಚ್ಚಿದರು. ಕೇಳಿದರೆ ಈಗಲೂ ನನಗೆ ರೋಮಾಂಚನ.

ಯಂಗ್ ಮತ್ತು ಝಝೀಲಾರ ‘ಡ್ರೀಮ್ ಹೌಸ್’ 1993ರಿಂದ ನ್ಯೂಯಾರ್ಕಿನ ಚರ್ಚ್ ಸ್ಟ್ರೀಟಿನಲ್ಲಿದೆ (ನಮ್ಮ ಎಂ.ಜಿ. ರೋಡ್ ಪಕ್ಕದ್ದಲ್ಲ). ನೇರಳೆ ಬೆಳಕಿನ ಕೋಣೆ, ನಿಲ್ಲದ ಸ್ವರಗಳು. ನಿಂತಲ್ಲೇ ತಲೆ ಸ್ವಲ್ಪ ವಾಲಿಸಿದರೂ ಕಿವಿಗೆ ಬೇರೆಯೇ ಸ್ವರ ಬೀಳುತ್ತದಂತೆ. ಸದ್ದು ಅಲ್ಲಿ ಒಂದು ಜಾಗ, ಒಳಗೆ ಓಡಾಡಬಹುದು. ಮನಸ್ಸು ಎಲ್ಲೆಲ್ಲೋ ತೇಲುವುದಕ್ಕೆ ಬೇರೆ ಯಾವ ಪದಾರ್ಥವೂ ಬೇಡ.

ಹೆಂಗಸರ ಕೈಯಲ್ಲಿ ಈ ಸದ್ದು ನನ್ನನ್ನು ಇಷ್ಟೊಂದು ಸೆಳೆಯುವುದೇಕೆ? ನಮ್ಮ ಕಛೇರಿಗಳಲ್ಲಿ ಗಾಯಕರ ಬೆನ್ನಿಗೆ ತಂಬೂರಿ ಹಿಡಿದು ಕೂತ ಹೆಣ್ಣುಮಕ್ಕಳನ್ನು ಎಷ್ಟು ನೋಡಿಲ್ಲ! ಎರಡೂವರೆ ಗಂಟೆ ಶ್ರುತಿ ಕೊಟ್ಟರೂ ಮೈಕು ಅವರ ಕಡೆ ತಿರುಗುವುದಿಲ್ಲ. ವಾಟಾ ಮಾಡುವುದು ಆ ಶ್ರುತಿಯನ್ನೇ ಮುಂದೆ ತಂದು, ಇದೇ ಕಛೇರಿ, ಬೇರೇನೂ ಇಲ್ಲ ಅನ್ನುವ ಕೆಲಸ. ಒಸಾಕಾದ ಬೋರ್ಡಮ್ಸ್ ತಂಡದ ಯೋಶಿಮಿಯದು ಇನ್ನೂ ತಮಾಷೆ. ಪತ್ರಿಕೆಯೊಂದರ ಫೋಟೊಗೆಂದು ಗೆಳತಿಯರನ್ನು ಸೇರಿಸಿ ಇಲ್ಲದ ಬ್ಯಾಂಡ್ ಒಂದನ್ನು ನಿಲ್ಲಿಸಿದಳು. ಫೋಟೊದ ಬ್ಯಾಂಡ್ ನಿಜವಾಗಿಯೇ ನುಡಿಸತೊಡಗಿತು! ಊಯೂ ಎಂಬ ಆ ತಂಡದ ‘ಗಮೆಲ್’ನಲ್ಲಿ ಜಾವಾದ ಕಂಚಿನ ಗಂಟೆಗಳಿಗೂ ಗಿಟಾರಿಗೂ ಜುಗಲ್‌ಬಂದಿ.

ತೊಂಬತ್ತರ ದಶಕದಲ್ಲಿ ನಮ್ಮ ಊರಿನಲ್ಲೂ ಒಂದು ಸದ್ದು ಹುಟ್ಟಿತ್ತು. 1995ರಲ್ಲಿ ಘಟ ನುಡಿಸುವ ಸುಕನ್ಯಾ ರಾಮಗೋಪಾಲ್ ‘ಸ್ತ್ರೀ ತಾಳ ತರಂಗ’ ಕಟ್ಟಿದರು. ಬರೀ ಹೆಂಗಸರು, ಮುಖ್ಯವಾಗಿ ತಾಳವಾದ್ಯ. ಘಟ ಹೆಣ್ಣಿನ ಕೈಗೆ ಹೇಳಿದ್ದಲ್ಲ ಎಂದವರ ಎದುರಿಗೇ ಬೇರೆ ಬೇರೆ ಶ್ರುತಿಯ ಘಟಗಳನ್ನು ಸುತ್ತ ಇಟ್ಟುಕೊಂಡು ಬಾರಿಸುತ್ತಾರೆ. ಇದು ರಾಕ್ ಅಲ್ಲ, ಆಂಪ್ಲಿಫೈಯರೂ ಬೇಕಿಲ್ಲ. ಆದರೆ ‘ಫ್ಲಡ್’ ಮುಗಿದ ಬೆನ್ನಿಗೇ ಅವರ ಘಟ ತರಂಗ ಹಾಕಿ ನೋಡಿ, ಇದೇ ವಾಲ್ಯೂಮಿನಲ್ಲಿ. ಎದುರುಮನೆ ಆಂಟಿಯನ್ನೂ ಕರೆಯಿರಿ.