ಮಕ್ಕಳಿಗೊಂದು ಬಯಲು

ಕನ್ನಡದಲ್ಲಿ ‘ಬಯಲು’ ಎಂಬ ಮಾತಿಗೆ ಇರುವಷ್ಟು ಹರಹು ಕೆಲವೇ ಮಾತುಗಳಿಗೆ ಉಂಟು. ಶರಣರ ಬಾಯಲ್ಲಿ ಅದು ಪರತತ್ತ್ವವಾಯಿತು. ರೈತನಿಗೆ ಅದು ಊರಾಚೆಯ ನೆಲ. ರಾತ್ರಿಯೆಲ್ಲ ನಡೆಯುವ ನಾಟಕಕ್ಕೆ ನಮ್ಮ ಜನ ಬಯಲಾಟವೆಂದೇ ಹೆಸರಿಟ್ಟರು. ಬಯಲೂ ಆಟವೂ ಹೀಗೆ ಒಂದೇ ಪದದಲ್ಲಿ ಕೂಡಿಕೊಂಡಿರುವುದನ್ನು ತರಗತಿಯಲ್ಲಿ ಹೇಳುವಾಗಲೆಲ್ಲ, ಬೆಂಗಳೂರಿನ ಮಕ್ಕಳ ಪಾಲಿಗೆ ಇವೆರಡೂ ಅಗಲಿ ಎಷ್ಟು ಕಾಲವಾಯಿತಲ್ಲ ಎನ್ನಿಸುತ್ತದೆ.

ಹಿಂದಿನ ವಠಾರಗಳನ್ನು ಕಂಡವರು ಇನ್ನೂ ನಮ್ಮ ನಡುವೆ ಇದ್ದಾರೆ. ಹತ್ತು ಹನ್ನೆರಡು ಸಂಸಾರ, ಒಂದು ನಲ್ಲಿ, ಎದುರಿಗೊಂದು ಅಂಗಳ. ಆ ಅಂಗಳಕ್ಕೆ ಆಟದ ಮೈದಾನವೆಂಬ ಹೆಸರಿರಲಿಲ್ಲ. ಬೆಳಗ್ಗೆ ಅಲ್ಲಿ ಹಪ್ಪಳ ಒಣಗುತ್ತಿತ್ತು. ಸಂಜೆ ಅದೇ ನೆಲದ ಮೇಲೆ ಕುಂಟೆಬಿಲ್ಲೆಯ ಮನೆಗಳು ಮೂಡುತ್ತಿದ್ದುವು. ಇಂದಿನ ಅಪಾರ್ಟ್‌ಮೆಂಟು ಎದ್ದು ನಿಂತ ವಠಾರವೇ ಅಲ್ಲವೆ? ಆದರೆ ಅಂಗಳಕ್ಕೆ ಎದ್ದು ನಿಲ್ಲುವ ವಿದ್ಯೆ ಬಾರದು, ಅದು ಮಲಗಿಯೇ ಇರಬೇಕು. ಮಲಗಲು ಜಾಗವಿದ್ದ ಕಡೆಗಳಲ್ಲೆಲ್ಲ ಈಗ ಕಾರುಗಳು ಮಲಗಿವೆ.

ನಾನು ವಾಸವಾಗಿರುವ ಸಮುಚ್ಚಯದಲ್ಲಿ ನೂರಕ್ಕೆ ಸಮೀಪವಾಗಿ ಮನೆಗಳಿವೆ. ಮಕ್ಕಳಿಗೆ ಆಡಲು ಒಂದು ತಾಣ ಬೇಕೆಂಬ ಸೂಚನೆ ನಿವಾಸಿಗಳ ಸಂಘದ ಮುಂದೆ ಬಂದಾಗ ಯಾರೂ ವಿರೋಧಿಸಲಿಲ್ಲ. ತತ್ತ್ವದಲ್ಲಿ ಮಕ್ಕಳನ್ನು ವಿರೋಧಿಸುವವರು ಲೋಕದಲ್ಲೆಲ್ಲಿಯೂ ಸಿಕ್ಕರು. ‘ಎಲ್ಲಿ?’ ಎಂಬ ಪ್ರಶ್ನೆ ಎದ್ದೊಡನೆ ತೊಡಕು ಮೊದಲಾಯಿತು. ಒಬ್ಬರಿಗೆ ಅತಿಥಿಗಳ ಕಾರು ನಿಲ್ಲಿಸುವ ಜಾಗದ ಚಿಂತೆ; ಇನ್ನೊಬ್ಬರಿಗೆ ಮಧ್ಯಾಹ್ನದ ನಿದ್ದೆಯ ಚಿಂತೆ. ಹಿರಿಯರೊಬ್ಬರು ಮಹಾಭಾರತವನ್ನೇ ಸಾಕ್ಷಿಗೆ ಕರೆದರು: ಹಣ್ಣು ಕೀಳಲು ಮರವೇರಿದ ಕೌರವರನ್ನು ಭೀಮ ಮರಕ್ಕೆ ಒದ್ದು ಉದುರಿಸಿದನಷ್ಟೆ, ಕುರುಕ್ಷೇತ್ರ ಹುಟ್ಟಿದ್ದೇ ಮಕ್ಕಳಾಟದಿಂದ ಎಂದರು. ಕನ್ನಡ ಅಧ್ಯಾಪಕನಾದವನು ಸುಮ್ಮನಿರಲಾದೀತೆ? ಬಯಲಿನ ಆಟ ಬಿಟ್ಟು ಸಭೆಯೊಳಗೆ ಪಗಡೆಗೆ ಕುಳಿತ ಮೇಲಲ್ಲವೆ ಸ್ವಾಮಿ ರಾಜ್ಯ ಹೋದದ್ದು ಎಂದೆ. ಎಲ್ಲರೂ ನಕ್ಕರು, ಜಾಗ ಮಾತ್ರ ಸಿಗಲಿಲ್ಲ.

ಅದು ಸಿಕ್ಕಿದ್ದು ನಿವೃತ್ತ ಎಂಜಿನಿಯರರೊಬ್ಬರ ದೆಸೆಯಿಂದ. ನಕ್ಷೆ ಹಿಡಿದು ಅವರು ನಮ್ಮನ್ನು ಆವರಣವೆಲ್ಲ ಸುತ್ತಿಸಿದರು. ಕಟ್ಟಡವನ್ನು ಬಳಸಿ ಹೋಗುವ ದಾರಿ ಅಗ್ನಿಶಾಮಕ ವಾಹನಕ್ಕೆ ಮೀಸಲು, ಅದನ್ನು ಮುಟ್ಟುವಂತಿಲ್ಲ. ನಡುವಿನ ಹಸಿರು ನೋಟಕ್ಕೆ ನೆಲ, ವಾಸ್ತವದಲ್ಲಿ ನೆಲಮಾಳಿಗೆಯ ಚಾವಣಿ; ಗೇಣುದ್ದದ ಮಣ್ಣಿನಲ್ಲಿ ಮರ ಬೇರೂರದು. ಮರವಿಲ್ಲದ ಕಡೆ ತಗಡಿನ ಜಾರುಬಂಡೆಯಿಟ್ಟರೆ ಏಪ್ರಿಲ್ ತಿಂಗಳಲ್ಲಿ ಅದು ದೋಸೆಯ ಹಂಚು. ಕೊನೆಗೆ ಎರಡು ಹೊಂಗೆಯ ಮರಗಳ ಕೆಳಗೆ, ಒಡೆದ ಟೈಲುಗಳ ರಾಶಿ ಬಿದ್ದಿದ್ದ ಮೂಲೆ ಗೊತ್ತಾಯಿತು. ಜಾರುಬಂಡೆಯನ್ನು ಉತ್ತರಕ್ಕೆ ಮುಖಮಾಡಿ ನಿಲ್ಲಿಸಿದೆವು. ಉಯ್ಯಾಲೆಯ ಅಡ್ಡಗಂಬ ಎಷ್ಟು ಎತ್ತರವೋ ಅದರ ಎರಡರಷ್ಟು ತೆರಪು ಮುಂದೂ ಬೇಕು, ಹಿಂದೂ ಬೇಕು. 8 ಅಡಿ ಎತ್ತರದ ಉಯ್ಯಾಲೆ ಹೀಗೆ 32 ಅಡಿ ಉದ್ದದ ನೆಲವನ್ನು ಬೇಡುತ್ತದೆ. ಕೆಳಗೆ ಕಾಂಕ್ರೀಟು ಕೂಡದು, ಒಂದು ಅಡಿ ಆಳಕ್ಕೆ ಮರಳು ತುಂಬಬೇಕು ಎಂದರು. ಬೀಳದೆ ಬೆಳೆದ ಮಕ್ಕಳುಂಟೆ? ಆ ಮರಳನ್ನು ರಾತ್ರಿ ಮುಚ್ಚಿಡಬೇಕೆಂಬುದನ್ನು ಮಾತ್ರ ಅವರು ಹೇಳಲಿಲ್ಲ, ಬೆಕ್ಕುಗಳು ತಿಳಿಸಿದುವು.

ಮೂರನೆಯ ವಾರಕ್ಕೆ ಮಕ್ಕಳು ಈ ಸಲಕರಣೆಗಳಿಂದ ಬೇಸತ್ತರು. ಆಗ ಬಂದಳು ನಮ್ಮ ಕಾವಲುಗಾರರ ಮಗಳು. ಅವರದು ರಾಯಚೂರಿನ ಕಡೆಯ ಸಂಸಾರ, ಗೇಟಿನ ಬಳಿಯ ಒಂದು ಕೋಣೆಯಲ್ಲಿ ವಾಸ. ಹತ್ತು ವರ್ಷದ ಆ ಹುಡುಗಿ ಅಳಿದುಳಿದ ಟೈಲುಗಳಲ್ಲಿ ಏಳು ಚೂರುಗಳನ್ನು ಆಯ್ದು, ಅಂಚು ತೇಯ್ದು, ಒಂದರ ಮೇಲೊಂದು ಪೇರಿಸಿ ಎಲ್ಲರಿಗೂ ಲಗೋರಿ ಕಲಿಸಿದಳು. ಆ ಮೂಲೆ ಬಯಲಾದದ್ದು ಅಂದು. ಅದುವರೆಗೆ ಅದು ಸಾಮಾನುಗಳ ಪ್ರದರ್ಶನವಾಗಿತ್ತೆಂದೇ ನನ್ನ ಅಭಿಪ್ರಾಯ. ಮನೆಗೆಲಸಕ್ಕೆ ಬರುವ ಹೆಂಗಸರ ಮಕ್ಕಳೂ ರಜೆಯ ದಿನಗಳಲ್ಲಿ ಸೇರಿಕೊಂಡರು. ಅದರ ಬೆನ್ನಿಗೇ ಒಂದು ಫಲಕ ಸಿದ್ಧವಾಯಿತು: ‘ನಿವಾಸಿಗಳ ಮಕ್ಕಳಿಗೆ ಮಾತ್ರ.’

ಫಲಕದ ಪರವಾಗಿ ಎರಡು ಮಾತುಗಳು ಬಂದುವು. ಹಣ ಕೊಟ್ಟವರು ನಾವು ಎಂಬುದು ಮೊದಲನೆಯದು. ನಾಳೆ ಯಾರಿಗಾದರೂ ಪೆಟ್ಟಾದರೆ ಹೊಣೆ ಯಾರದು ಎಂಬುದು ಎರಡನೆಯದು. ಎರಡನೆಯದನ್ನು ಹಗುರವಾಗಿ ತಳ್ಳಿಹಾಕಲಾಗದು. ಆದರೆ ಬಿದ್ದರೆ ಮೂರನೆಯ ಮಹಡಿಯ ಮಗುವಿನ ಮೂಳೆಯೂ ಅಷ್ಟೇ ಮುರಿಯುತ್ತದೆ. ಅದಕ್ಕೆ ಮದ್ದು ಮರಳು, ತಿಂಗಳಿಗೊಮ್ಮೆ ಬೋಲ್ಟುಗಳ ತಪಾಸಣೆ, ಫಲಕವಲ್ಲ. ಕಾನೂನು ಬಲ್ಲವರೊಬ್ಬರು 1972ರ ಕರ್ನಾಟಕ ಅಪಾರ್ಟ್‌ಮೆಂಟು ಒಡೆತನದ ಅಧಿನಿಯಮವನ್ನು ತೆಗೆದರು. ಸಾಮಾನ್ಯ ಪ್ರದೇಶವನ್ನು ಯಾವ ಒಡೆಯನೂ ಪಾಲು ಮಾಡಿಸಿಕೊಳ್ಳುವಂತಿಲ್ಲವೆಂದು ಅದು ಹೇಳುತ್ತದೆ. ಆದರೆ ಆ ಪಾಲು ಒಡೆಯರೊಳಗಿನ ಮಾತು. ಕಾವಲುಗಾರರ ಮಗಳು ಅದರಲ್ಲಿ ಬರುವುದಿಲ್ಲ. ವಿಶ್ವಸಂಸ್ಥೆ 1989ರಲ್ಲಿ ಅಂಗೀಕರಿಸಿ, ಭಾರತ 1992ರಲ್ಲಿ ಸೇರಿಕೊಂಡ ಮಕ್ಕಳ ಹಕ್ಕುಗಳ ಒಡಂಬಡಿಕೆಯ 31ನೆಯ ವಿಧಿ ಆಟವನ್ನು ಮಗುವಿನ ಹಕ್ಕೆಂದು ಮನ್ನಿಸಿದೆ. ಅಲ್ಲಿ ‘ಒಡೆಯರ ಮಕ್ಕಳು’ ಎಂಬ ವಿಶೇಷಣವಿಲ್ಲ ಎಂದು ನಾನು ತೋರಿಸಿದೆ. ಅದು ಸರ್ಕಾರಗಳಿಗೆ ಹೇಳಿದ್ದು, ನಮ್ಮ ಸಂಘಕ್ಕಲ್ಲ ಎಂದರು. ಇರಬಹುದು.

ಇಂಥ ಸಂದರ್ಭದಲ್ಲಿ ನನಗೆ ಆಮ್‌ಸ್ಟರ್‌ಡಾಂ ನಗರದ ಸಂಗತಿ ನೆನಪಾಗುತ್ತದೆ. ಎರಡನೆಯ ಮಹಾಯುದ್ಧ ಮುಗಿದ ಬಳಿಕ, 1947ರಿಂದ ಮೊದಲುಗೊಂಡು, ಆಲ್ಡೊ ವಾನ್ ಐಕ್ ಎಂಬ ವಾಸ್ತುಶಿಲ್ಪಿ ಆ ನಗರಸಭೆಗಾಗಿ ಏಳುನೂರಕ್ಕೂ ಮಿಕ್ಕಿ ಆಟದ ತಾಣಗಳನ್ನು ರೂಪಿಸಿದ. ಕಟ್ಟಡ ಬಿದ್ದ ಪಾಳು ನಿವೇಶನ, ಬೀದಿಯ ಮೂಲೆ, ಸಿಕ್ಕ ಸಿಕ್ಕ ತುಂಡು ನೆಲ. ಅದರಲ್ಲಿ ಒಂದು ಮರಳ ಗುಂಡಿ, ಕೆಲವು ಕಬ್ಬಿಣದ ಸರಳು, ಹಾರಿ ಹಾರಿ ದಾಟಲು ಕಲ್ಲುಗಳು. ಬಹುಮಟ್ಟಿಗೆ ಬೇಲಿಯಿಲ್ಲ, ದಾರಿಯಲ್ಲಿ ಹೋಗುವ ಮಗು ಹಾಗೆಯೇ ಒಳಗೆ ಕಾಲಿಡಬಹುದಾಗಿತ್ತು. ಅವುಗಳಲ್ಲಿ ಹಲವು ಇಂದು ಉಳಿದಿಲ್ಲ. ಇಷ್ಟು ಕಡಮೆ ಸಾಮಾನಿನಿಂದ ಇಷ್ಟು ಆಟ ನಡೆಯಿತೆಂದರೆ, ಅಲ್ಲಿ ಬಂದು ಸೇರಿದ ಮಕ್ಕಳೇ ಅದಕ್ಕೆ ಕಾರಣವೆಂದು ನನಗೆ ತೋರುತ್ತದೆ.

ನಮ್ಮಲ್ಲಿಯೂ ಈ ಮರ್ಮವನ್ನು ಮೊದಲು ಕಂಡವಳು ಒಬ್ಬ ಚಿಕ್ಕ ಹುಡುಗಿ. ಫಲಕದ ಸುದ್ದಿ ಕೇಳಿ ತಂದೆಯನ್ನು ಕೇಳಿದಳಂತೆ: “ಅವಳು ಬರದೆ ಇದ್ರೆ ನಮ್ಮ ಕಡೆಗೆ ಒಬ್ಬರು ಕಮ್ಮಿ ಆಗ್ತಾರಲ್ಲ ಅಪ್ಪ?” ಆ ತಂದೆ ಫಲಕಕ್ಕೆ ಮೊದಲು ಸಹಿ ಹಾಕಿದವರಲ್ಲಿ ಒಬ್ಬರು. ಮಾರನೆಯ ದಿನ ಸಹಿಯನ್ನು ಹಿಂದಕ್ಕೆ ಪಡೆದರು, ಕಾರಣ ಹೇಳಲಿಲ್ಲ.

ಫಲಕ ಸದ್ಯಕ್ಕೆ ಜನರೇಟರಿನ ಕೋಣೆಯಲ್ಲಿ ಗೋಡೆಗೆ ಮುಖಮಾಡಿ ಒರಗಿದೆ. ನಿರ್ಣಯವಾಗಬೇಕಾದ ವಾರ್ಷಿಕ ಸಭೆ ಮುಂದಿನ ತಿಂಗಳು. ಮತ ಕೊಡಲು ಮಕ್ಕಳನ್ನು ಕರೆಯುವ ಪದ್ಧತಿ ನಮ್ಮಲ್ಲಿಲ್ಲ. ನನ್ನ ಮತ ಯಾವ ಕಡೆಗೆಂಬುದನ್ನು ಕಾರ್ಯದರ್ಶಿಗಳಿಗೆ ಈಗಾಗಲೇ ಬರೆದುಕೊಟ್ಟಿದ್ದೇನೆ.