ಪಾಚಿಯ ನೀಲಿ ಬಣ್ಣಕ್ಕೂ ಒಂದು ಒರೆಗಲ್ಲು

ಭದ್ರಾವತಿಯ ಉದ್ಯಮಿಗಳಿಗೆ ರೋಹಿತ ಪರೀಕ್ಷೆ ಅಪರಿಚಿತವಲ್ಲ. ಉಕ್ಕಿನ ತುಣುಕಿನಿಂದ ಕಿಡಿ ಹಾರಿಸಿ, ಆ ಬೆಳಕನ್ನು ವಿಭಜಿಸಿ, ಕ್ರೋಮಿಯಂ ಎಷ್ಟು, ಮ್ಯಾಂಗನೀಸ್ ಎಷ್ಟು ಎಂದು ತಿಳಿಸುವ ವಿಧಾನವದು. ಲೋಹವು ಹೊರಸೂಸುವ ಬೆಳಕನ್ನು ಅಲ್ಲಿ ಅಳೆದರೆ, ಜೀವಂತ ಪಾಚಿಯು ಹೀರಿಕೊಳ್ಳುವ ಬೆಳಕನ್ನು ಅಳೆದು ಅದರ ವರ್ಣದ್ರವ್ಯಗಳನ್ನು ಅರಿಯಬಹುದು.

ವಾಣಿಜ್ಯ ದೃಷ್ಟಿಯಿಂದ ಇಲ್ಲಿ ಮುಖ್ಯವಾದುದು ಸ್ಪಿರುಲಿನಾ ಎಂಬ ನೀಲಿ-ಹಸಿರು ಪಾಚಿ. ಮೈಸೂರಿನ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯವು ದಶಕಗಳ ಹಿಂದೆಯೇ ಇದರ ಕೃಷಿಯನ್ನು ಕುರಿತು ಸಂಶೋಧನೆ ನಡೆಸಿದೆ. ಇದರಲ್ಲಿರುವ ಫೈಕೋಸಯನಿನ್ ನೈಸರ್ಗಿಕ ನೀಲಿ ಬಣ್ಣ. ಸ್ಪಿರುಲಿನಾ ಸಾರವನ್ನು ಮಿಠಾಯಿ ಹಾಗೂ ಚೂಯಿಂಗ್ ಗಮ್‌ಗಳಲ್ಲಿ ಬಳಸಲು ಅಮೆರಿಕವು 2013ರಲ್ಲಿ ಅನುಮತಿ ನೀಡಿತು.

ಜೀವಕೋಶದೊಳಗಿನ ಪತ್ರಹರಿತ್ತು ಸುಮಾರು 440 ಹಾಗೂ 680 ನ್ಯಾನೋಮೀಟರ್ ತರಂಗಾಂತರದ ಬೆಳಕನ್ನು ಹೆಚ್ಚಾಗಿ ಹೀರುತ್ತದೆ. ಫೈಕೋಸಯನಿನ್ ಸುಮಾರು 620ರಲ್ಲಿ. ಆದರೆ ಜೀವಕೋಶಗಳು ಬೆಳಕನ್ನು ಚದುರಿಸುವುದರಿಂದ ಸಾಮಾನ್ಯ ಉಪಕರಣವು ನೈಜಕ್ಕಿಂತ ಹೆಚ್ಚಿನ ಅಂಕಿ ತೋರಿಸುತ್ತದೆ. ಚದುರಿದ ಬೆಳಕನ್ನೂ ಒಟ್ಟುಗೂಡಿಸುವ ಟೊಳ್ಳು ಗೋಳವನ್ನು ಅಳವಡಿಸಿದರೆ ಈ ದೋಷ ಬಹುಮಟ್ಟಿಗೆ ನೀಗುತ್ತದೆ.

ಬೆಳಕು ಮಂದವಾದಾಗ ಪಾಚಿಯು ಸಾಮಾನ್ಯವಾಗಿ ಈ ವರ್ಣದ್ರವ್ಯವನ್ನು ಹೆಚ್ಚಿಸಿಕೊಳ್ಳುತ್ತದೆ, ಪ್ರಖರವಾದಾಗ ತಗ್ಗಿಸಿಕೊಳ್ಳುತ್ತದೆ. ಆದುದರಿಂದ ಒಂದೇ ತೊಟ್ಟಿಯಲ್ಲಿ ಬೆಳೆದರೂ ಮಲೆನಾಡಿನ ಮಳೆಗಾಲದ ಸರಕೂ ಬೇಸಿಗೆಯ ಸರಕೂ ಒಂದೇ ಗುಣಮಟ್ಟದ್ದಾಗಿರಬೇಕೆಂದಿಲ್ಲ. ಕೊಯ್ಲಿಗೆ ಮುನ್ನ ಜೀವಂತ ಪಾಚಿಯನ್ನೇ ಅಳೆಯುವುದರ ಪ್ರಯೋಜನವಿದು.

ಬೇರ್ಪಡಿಸಿದ ಬಣ್ಣದ ವ್ಯಾಪಾರದಲ್ಲಿ ಶುದ್ಧತೆಯ ಅನುಪಾತವೊಂದು ರೂಢಿಯಲ್ಲಿದೆ. 620ರಲ್ಲಿ ಹೀರಿದ ಪ್ರಮಾಣವನ್ನು 280ರಲ್ಲಿ ಹೀರಿದ ಪ್ರಮಾಣದಿಂದ ಭಾಗಿಸಬೇಕು. ಎರಡನೆಯದು ಒಟ್ಟು ಪ್ರೋಟೀನನ್ನು ಸೂಚಿಸುತ್ತದೆ. ಸುಮಾರು 0.7 ಬಂದರೆ ಆಹಾರ ದರ್ಜೆ, 4.0 ಮೀರಿದರೆ ವಿಶ್ಲೇಷಣಾ ದರ್ಜೆ. ಆದರೆ ಅನುಪಾತವು ಶುದ್ಧತೆಯನ್ನು ಹೇಳುವುದೇ ಹೊರತು ಪ್ರಮಾಣವನ್ನಲ್ಲ. ತೆಳುವಾದ ದ್ರಾವಣದಲ್ಲಿಯೂ ಉತ್ತಮ ಅನುಪಾತ ಬರಬಹುದು. ಖರೀದಿ ಆದೇಶದಲ್ಲಿ ಅನುಪಾತ, ವರ್ಣದ್ರವ್ಯದ ಶೇಕಡಾವಾರು, ತೇವಾಂಶ ಈ ಮೂರನ್ನೂ ನಮೂದಿಸಿದರೆ ಮಾತ್ರ ದರಕ್ಕೆ ಅರ್ಥವಿರುತ್ತದೆ.

ಇನ್ನೊಂದು ಅಂಶ ದಾಸ್ತಾನಿಗೆ ಸಂಬಂಧಿಸಿದುದು. ಶಾಖ ಹಾಗೂ ಬೆಳಕಿಗೆ ಈ ನೀಲಿ ಮಾಸುತ್ತದೆ. ದಾಸ್ತಾನನ್ನು ವೆಚ್ಚ ಅಥವಾ ನಿವ್ವಳವಾಗಿ ದೊರಕಬಹುದಾದ ಮೌಲ್ಯ, ಇವೆರಡರಲ್ಲಿ ಕಡಿಮೆಯಾದುದಕ್ಕೆ ತೋರಿಸಬೇಕೆಂಬುದು ಲೆಕ್ಕಪತ್ರದ ನಿಯಮ. ಮಾಸಿದ ಸರಕನ್ನು ಮೂಲ ಬೆಲೆಗೇ ತೋರಿಸಿದರೆ ಇಲ್ಲದ ಲಾಭವನ್ನು ತೋರಿಸಿದಂತಾಗುತ್ತದೆ. ಮಾರ್ಚ್ ಅಂತ್ಯದಲ್ಲಿ ಮಾದರಿಯೊಂದನ್ನು ಮರುಪರೀಕ್ಷೆಗೆ ಕಳುಹಿಸುವುದು ಒಳಿತು.

ಶಿವಮೊಗ್ಗ-ಭದ್ರಾವತಿ ಪರಿಸರದಲ್ಲಿ ಈ ಉದ್ಯಮಕ್ಕೆ ಕೈಹಾಕುವವರು ತೊಟ್ಟಿಯ ವೆಚ್ಚದೊಂದಿಗೆ ಪರೀಕ್ಷೆಯ ವೆಚ್ಚವನ್ನೂ ಯೋಜನಾ ವರದಿಯಲ್ಲಿ ಸೇರಿಸುವುದು ಲೇಸು. ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದ ವಿಜ್ಞಾನ ವಿಭಾಗಗಳಲ್ಲಿ ಮೊದಲು ವಿಚಾರಿಸಬಹುದು.