ಜೋಳಿಗೆಗೆ ಹಾಕಿದ ಬೀಡಿ ಮರಳಿ ಕೈಗೆ ಬಾರದಿರಲಿ

ಆಗಸ್ಟ್ 1 ಲಿಂಗೈಕ್ಯ ಡಾ. ಮಹಾಂತ ಶಿವಯೋಗಿಗಳ ಜನ್ಮದಿನ. ಇಳಕಲ್ಲಿನ ಚಿತ್ತರಗಿ ಸಂಸ್ಥಾನ ಮಠದ ಈ ಪೂಜ್ಯರು ಧಾನ್ಯಕ್ಕಾಗಲಿ ಹಣಕ್ಕಾಗಲಿ ಕೈಯೊಡ್ಡದೆ, ಜನರ ದುಶ್ಚಟಗಳನ್ನೇ ಭಿಕ್ಷೆಯಾಗಿ ಬೇಡುತ್ತ ಊರೂರು, ಕೇರಿಕೇರಿ ತಿರುಗಿದರು. ‘ಮಹಾಂತ ಜೋಳಿಗೆ’ ಎಂದು ನಾಡಿನಲ್ಲೆಲ್ಲ ಹೆಸರಾದ ಆ ಕಾರ್ಯದ ಸ್ಮರಣೆಗಾಗಿ ಕರ್ನಾಟಕ ಸರ್ಕಾರವು ಅವರ ಜನ್ಮದಿನವನ್ನು ವ್ಯಸನಮುಕ್ತ ದಿನವನ್ನಾಗಿ ಆಚರಿಸುತ್ತಿದೆ. ಗುರುಗಳ ಎದುರಿನಲ್ಲಿ ಬೀಡಿಯ ಕಟ್ಟನ್ನು ಜೋಳಿಗೆಗೆ ಹಾಕಿ ‘ಇಂದಿನಿಂದ ಬಿಟ್ಟೆ’ ಎಂದು ನುಡಿಯುವುದು ಬದುಕಿನಲ್ಲಿ ಬಹುದೊಡ್ಡ ಕ್ಷಣ.

ಆದರೆ ಆ ಕ್ಷಣದ ನಂತರ ಸಂಜೆಯೊಂದು ಬರುತ್ತದೆ. ಊಟವಾದ ಮೇಲೆ ಕೈ ತಾನಾಗಿಯೇ ಜೇಬನ್ನು ತಡಕುತ್ತದೆ. ಚಹಾದಂಗಡಿಯ ಕಟ್ಟೆಯಲ್ಲಿ ಗೆಳೆಯನೊಬ್ಬ ಬೀಡಿಯನ್ನು ಮುಂದೆ ಚಾಚುತ್ತಾನೆ. ಎಷ್ಟೋ ಜನ ಅಲ್ಲಿ ಸೋಲುತ್ತಾರೆ. ಸೋತವರು ‘ಸ್ವಾಮಿಗಳ ಮುಂದೆ ಮಾತು ಕೊಟ್ಟು ತಪ್ಪಿದೆನಲ್ಲ’ ಎಂಬ ನಾಚಿಕೆಯಿಂದ ಮಠದ ಮೆಟ್ಟಿಲನ್ನೇ ತುಳಿಯದಂತಾಗುತ್ತಾರೆ. ಬೀಡಿಯೂ ಉಳಿಯಿತು, ಮಠವೂ ದೂರವಾಯಿತು. ಈ ಎರಡು ನಷ್ಟಗಳನ್ನು ತಡೆಯುವ ದಾರಿಯನ್ನು ಕುರಿತು ಈ ತಿಂಗಳು ನಾವು ಆಲೋಚಿಸೋಣ.

ಮೊದಲಿಗೆ ತಿಳಿಯಬೇಕಾದುದೆಂದರೆ, ಈ ಸೋಲು ಕೇವಲ ಮನಸ್ಸಿನ ದೌರ್ಬಲ್ಯವಲ್ಲ. ಹೊಗೆಯಲ್ಲಿರುವ ನಿಕೋಟಿನ್ ಶ್ವಾಸಕೋಶದ ಮೂಲಕ ರಕ್ತವನ್ನು ಸೇರಿ, ಹತ್ತಿಪ್ಪತ್ತು ಸೆಕೆಂಡುಗಳಲ್ಲಿ ಮೆದುಳನ್ನು ಮುಟ್ಟಿ ಕ್ಷಣಿಕ ಹಿತವನ್ನು ಉಂಟುಮಾಡುತ್ತದೆ. ವರ್ಷಗಟ್ಟಲೆ ಹೀಗೆ ನಡೆದಾಗ ಮೆದುಳು ಅದಕ್ಕೆ ಒಗ್ಗಿಹೋಗುತ್ತದೆ. ಬಿಟ್ಟ ಕೆಲವೇ ಗಂಟೆಗಳಲ್ಲಿ ಸಿಡುಕು, ಚಡಪಡಿಕೆ, ನಿದ್ರಾಭಂಗ, ಅತಿಯಾದ ಹಸಿವು, ಮನಸ್ಸು ಒಂದೆಡೆ ನಿಲ್ಲದಿರುವುದು ಮುಂತಾದ ತೊಂದರೆಗಳು ತಲೆದೋರುತ್ತವೆ. ಎರಡು ಮೂರನೆಯ ದಿನ ಇವು ಅತ್ಯಂತ ತೀವ್ರವಾಗಿದ್ದು, ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರಗಳಲ್ಲಿ ಶಮನಗೊಳ್ಳುತ್ತವೆ. ಸೇದಬೇಕೆಂಬ ಒಂದೊಂದು ಬಯಕೆಯ ಅಲೆಯಾದರೋ ಕೆಲವು ನಿಮಿಷಗಳಷ್ಟೇ ಇರುತ್ತದೆ. ಆ ಕೆಲವು ನಿಮಿಷಗಳಲ್ಲಿ ಜೊತೆಗೆ ಒಬ್ಬರಿದ್ದರೆ ಗೆಲ್ಲಬಹುದು, ಒಂಟಿಯಾಗಿದ್ದರೆ ಕಷ್ಟ.

ಆದ್ದರಿಂದಲೇ ವೈದ್ಯವಿಜ್ಞಾನವು ಸಮೂಹದ ನೆರವಿಗೆ ಮಹತ್ವ ನೀಡಿದೆ. ತಾವೇ ಪುಸ್ತಕ ಓದಿಕೊಂಡು ಬಿಡಲು ಯತ್ನಿಸುವವರಿಗಿಂತ, ಗುಂಪಿನಲ್ಲಿ ಕುಳಿತು ಮಾರ್ಗದರ್ಶನ ಪಡೆಯುವವರು ಹೆಚ್ಚಿನ ಸಂಖ್ಯೆಯಲ್ಲಿ ಯಶಸ್ವಿಯಾಗುತ್ತಾರೆಂದು ಅಧ್ಯಯನಗಳು ತಿಳಿಸುತ್ತವೆ. ಶರಣ ಪರಂಪರೆಗೆ ಇದು ಹೊಸ ಮಾತೇನಲ್ಲ. ಒಬ್ಬರ ಅನುಭವವು ಮತ್ತೊಬ್ಬರಿಗೆ ಬೆಳಕಾಗಬೇಕೆಂದೇ ಶರಣರು ಅನುಭವ ಮಂಟಪದಲ್ಲಿ ಕೂಡಿದರು. ಇಂದಿಗೂ ಮಠಗಳಲ್ಲಿ ಶಿವಾನುಭವ ಗೋಷ್ಠಿಗಳು ನಡೆಯುತ್ತಿವೆ.

ಶ್ರಾವಣ ಮಾಸವು ಇದಕ್ಕೆ ಸಹಜವಾಗಿಯೇ ಹೇಳಿ ಮಾಡಿಸಿದ ಕಾಲ. ಅನೇಕ ಊರುಗಳಲ್ಲಿ ತಿಂಗಳ ಪರ್ಯಂತ ಪ್ರತಿ ಸಂಜೆ ಪ್ರವಚನವಿರುತ್ತದೆ. ದೇಹವು ನಿಕೋಟಿನ್ನಿನಿಂದ ಬಿಡಿಸಿಕೊಳ್ಳಲು ಬೇಕಾಗುವ ಕಷ್ಟದ ದಿನಗಳೂ ಹೆಚ್ಚುಕಡಿಮೆ ಅಷ್ಟೇ. ಪ್ರವಚನಕ್ಕೆ ಅರ್ಧ ಗಂಟೆ ಮೊದಲು, ಬಿಡಲು ನಿಶ್ಚಯಿಸಿದ ಆರೇಳು ಜನ ಮಠದ ಪಡಸಾಲೆಯಲ್ಲಿ ಕೂಡಲಿ. ಹಿಂದೆ ಸೇದುತ್ತಿದ್ದು ಈಗ ಸಂಪೂರ್ಣವಾಗಿ ಬಿಟ್ಟಿರುವ ಹಿರಿಯರೊಬ್ಬರು ಗೋಷ್ಠಿಯನ್ನು ನಡೆಸಲಿ. ಎಲ್ಲರೂ ಒಂದೇ ದಿನವನ್ನು ಗೊತ್ತುಮಾಡಿಕೊಂಡು, ಹಿಂದಿನ ರಾತ್ರಿಯೇ ಬೀಡಿ, ಕಡ್ಡಿಪೆಟ್ಟಿಗೆಗಳನ್ನು ಮನೆಯಿಂದ ಹೊರಹಾಕಲಿ.

ಗೋಷ್ಠಿಯಲ್ಲಿ ಉಪದೇಶಕ್ಕಿಂತ ಮಾತುಕತೆ ಮುಖ್ಯ. ಇಂದು ಯಾವ ಹೊತ್ತಿನಲ್ಲಿ ಬಯಕೆ ಬಲವಾಯಿತು, ಆಗ ಏನು ಮಾಡಿದಿರಿ, ನಾಳೆ ಅಂತಹ ಹೊತ್ತು ಬಂದರೆ ಏನು ಮಾಡುವಿರಿ ಎಂಬ ಮೂರು ಪ್ರಶ್ನೆಗಳು ಸಾಕು. ಒಬ್ಬರು ಲವಂಗ, ಸೋಂಪುಗಳನ್ನು ಜೇಬಿನಲ್ಲಿ ಇರಿಸಿಕೊಂಡುದನ್ನು ಹೇಳಿಯಾರು; ಮತ್ತೊಬ್ಬರು ಊಟವಾದೊಡನೆ ಎದ್ದು ಹೊಲದ ಕಡೆ ನಡೆದುದನ್ನು ಹೇಳಿಯಾರು. ಸದಸ್ಯರು ಪರಸ್ಪರ ದೂರವಾಣಿ ಸಂಖ್ಯೆಗಳನ್ನು ಇಟ್ಟುಕೊಂಡು, ಬಯಕೆ ಎದ್ದಾಗ ಕರೆಮಾಡುವ ರೂಢಿ ಬೆಳೆಸಿಕೊಳ್ಳಬೇಕು. ಅಲ್ಲಿ ಆಡಿದ ಮಾತು ಅಲ್ಲಿಯೇ ಉಳಿಯಬೇಕೆಂಬುದು ಅತ್ಯಗತ್ಯವಾದ ನಿಯಮ.

ಎರಡು ತಪ್ಪು ತಿಳಿವಳಿಕೆಗಳನ್ನೂ ಇಲ್ಲಿ ನಿವಾರಿಸಿಕೊಳ್ಳಬೇಕು. ಎಲೆಯಲ್ಲಿ ಸುತ್ತಿದ ಬೀಡಿಯಿಂದ ಸಿಗರೇಟಿನಷ್ಟು ಹಾನಿಯಿಲ್ಲವೆಂಬುದು ಮೊದಲನೆಯದು. ಬೀಡಿ ಆರದಿರಲೆಂದು ಮೇಲಿಂದ ಮೇಲೆ ಬಲವಾಗಿ ಎಳೆಯಬೇಕಾಗುವುದರಿಂದ ವಿಷದ ಹೊಗೆ ಧಾರಾಳವಾಗಿಯೇ ಒಳಸೇರುತ್ತದೆ. ಬೀಡಿಯ ಬದಲು ತಂಬಾಕು ಅಗಿಯುವುದು ಲೇಸೆಂಬುದು ಎರಡನೆಯದು. ಅದು ಬಾಯಿಯ ಕ್ಯಾನ್ಸರಿಗೆ ಮಾಡಿಕೊಡುವ ದಾರಿ. 2016–17ರ ರಾಷ್ಟ್ರೀಯ ಸಮೀಕ್ಷೆಯಂತೆ ಕರ್ನಾಟಕದ ವಯಸ್ಕರಲ್ಲಿ ಶೇ. 22.8ರಷ್ಟು ಜನ ಒಂದಿಲ್ಲೊಂದು ರೂಪದಲ್ಲಿ ತಂಬಾಕನ್ನು ಬಳಸುತ್ತಿದ್ದರು. ರೂಪ ಬದಲಾದ ಮಾತ್ರಕ್ಕೆ ವ್ಯಸನ ಬಿಟ್ಟಂತಾಗದು.

ಗೋಷ್ಠಿಯೊಂದಿಗೆ ವೈದ್ಯರ ನೆರವೂ ಸೇರಿದರೆ ಫಲ ಹೆಚ್ಚು. ನಿಕೋಟಿನ್ ಗಮ್ ಎಂಬ ಅಗಿಯುವ ಔಷಧವು ಬಯಕೆಯ ತೀವ್ರತೆಯನ್ನು ತಗ್ಗಿಸುತ್ತದೆ. ಅದನ್ನು ಮಿಠಾಯಿಯಂತೆ ಒಂದೇಸಮನೆ ಅಗಿಯದೆ, ಚುರುಗುಟ್ಟಿದೊಡನೆ ಕೆನ್ನೆ ಮತ್ತು ವಸಡಿನ ನಡುವೆ ಇರಿಸಿಕೊಳ್ಳಬೇಕು. ಹೃದ್ರೋಗಿಗಳು ಮತ್ತು ಗರ್ಭಿಣಿಯರು ವೈದ್ಯರನ್ನು ಕೇಳದೆ ಇದನ್ನು ಬಳಸಬಾರದು. ಕೇಂದ್ರ ಸರ್ಕಾರದ ತಂಬಾಕು ತ್ಯಜಿಸುವ ಸಹಾಯವಾಣಿ 1800-11-2356ಕ್ಕೆ ಶುಲ್ಕವಿಲ್ಲದೆ ಕರೆಮಾಡಿ ಸಲಹೆ ಪಡೆಯಬಹುದು. ತಂಬಾಕಿನ ಪೊಟ್ಟಣಗಳ ಮೇಲೆಯೇ ಈ ಸಂಖ್ಯೆ ಮುದ್ರಿತವಾಗಿರುತ್ತದೆ.

ಬಿಟ್ಟವರ ದೇಹವು ತಡಮಾಡದೆ ಚೇತರಿಸಿಕೊಳ್ಳತೊಡಗುತ್ತದೆ. 20 ನಿಮಿಷಗಳಲ್ಲಿ ಹೃದಯ ಬಡಿತದ ವೇಗ ಇಳಿಯುತ್ತದೆ. 12 ಗಂಟೆಗಳಲ್ಲಿ ರಕ್ತದಲ್ಲಿನ ಕಾರ್ಬನ್ ಮೊನಾಕ್ಸೈಡ್ ಸಹಜ ಮಟ್ಟಕ್ಕೆ ಬರುತ್ತದೆ. ಕೆಲವು ತಿಂಗಳುಗಳಲ್ಲಿ ಕೆಮ್ಮು, ಏದುಸಿರು ಕಡಿಮೆಯಾಗುತ್ತವೆ. ಒಂದು ವರ್ಷವಾಗುವಷ್ಟರಲ್ಲಿ ಹೃದಯದ ರಕ್ತನಾಳಗಳ ಕಾಯಿಲೆಯ ಅಪಾಯವು, ಸೇದುತ್ತಲೇ ಇರುವವರಿಗೆ ಹೋಲಿಸಿದರೆ, ಅರ್ಧದಷ್ಟಾಗುತ್ತದೆ. ಮನೆಯಲ್ಲಿ ಹೊಗೆ ಕುಡಿಯುತ್ತಿದ್ದ ಮಡದಿ ಮಕ್ಕಳಿಗೂ ಶುದ್ಧ ಗಾಳಿ ದೊರೆಯುತ್ತದೆ.

ಕೊನೆಯದಾಗಿ, ಭಕ್ತಾದಿಗಳೆಲ್ಲರಲ್ಲಿ ನಮ್ಮ ವಿನಂತಿಯೊಂದಿದೆ. ಮಾತು ಕೊಟ್ಟವರು ಎಲ್ಲಿಯಾದರೂ ಒಮ್ಮೆ ಎಡವಿದರೆ ಅವರನ್ನು ಹಂಗಿಸಬೇಡಿರಿ. ಹಲವರು ಒಂದಕ್ಕಿಂತ ಹೆಚ್ಚು ಬಾರಿ ಯತ್ನಿಸಿದ ಮೇಲೆಯೇ ಪೂರ್ಣವಾಗಿ ಬಿಡುತ್ತಾರೆ. ಎಡವಿದವರು ಮರುದಿನದ ಗೋಷ್ಠಿಗೆ ತಪ್ಪದೆ ಬರಬೇಕು. ಬಾರದಿದ್ದರೆ ಉಳಿದವರು ಅವರ ಮನೆಗೆ ಹೋಗಿ ಕರೆತರಬೇಕು. ಏಕೆ ಸೇದಿದಿರಿ ಎಂದು ಕೇಳದೆ, ಯಾವ ಹೊತ್ತಿನಲ್ಲಿ ಕಷ್ಟವಾಯಿತು ಎಂದು ಕೇಳಬೇಕು. ನಾಚಿಕೆಯಿಂದ ಹಿಂದೆ ಸರಿದ ಒಬ್ಬ ಭಕ್ತನು ನಿಮ್ಮ ಓಣಿಯಲ್ಲಿಯೂ ಇರಬಹುದು. ಈ ಶ್ರಾವಣದಲ್ಲಿ ಅವನನ್ನು ಜೊತೆಗೆ ಕರೆದುಕೊಂಡು ಬನ್ನಿರಿ.